ಓದು, ಬರಹ ಮತ್ತು ಮೋಟರ್ ಮನಿ

ಈ ವಾರದ ಟಿಪ್ಪಣಿಯಲ್ಲಿ ಗೊಬ್ಬರದ ಲೆಕ್ಕ ಇಲ್ಲ, ಲದ್ದಿಹುಳದ ಔಷಧಿ ಇಲ್ಲ, ಎಪಿಎಂಸಿ ದರಾನೂ ಇಲ್ಲ. ಗೋವಿನಜೋಳಕ್ಕೆ ಎರಡನೇ ಎಡೆ ಹೊಡೆದು ಮುಗಿದಿದೆ. ಯೂರಿಯಾ ಕೊಡಬೇಕಂದ್ರ ಹೊಲದಾಗ ಕಾಲಿಟ್ಟರೆ ಪಾದ ಹುಗೀತೈತಿ, ಅಷ್ಟು ಹಸಿ. ಹಂಗಾಗಿ ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ಒಂದು ವಿಷಯಕ್ಕೆ ಕೈ ಹಾಕಿದೀನಿ. ಓದೋದು ಮತ್ತು ಬರೆಯೋದು. ಇವೆರಡೂ ರೈತರಿಗೆ ಯಾಕೆ ಬೇಕು ಅನ್ನೋದು ಒಂದು. ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗೆ ಇವು ಎಷ್ಟು ಹಳೇ ರೂಢಿ ಅನ್ನೋದು ಇನ್ನೊಂದು. ಉದ್ದ ಐತಿ, ತಡಕೊಂಡು ಓದ್ರಿ.

‘ಹೊಲದ ಕೆಲಸ ಇಟ್ಟುಕೊಂಡು ಓದಾಕ ಟೈಮ್ ಎಲ್ಲಿಂದ ತರ್ತೀರಿ?’ ಅಂತ ಬಹಳ ಜನ ಕೇಳ್ತಾರೆ. ಟೈಮ್ ತರೋದು ಬೇಕಾಗಿಲ್ರಿ, ಒಕ್ಕಲುತನದಾಗ ಕಾಯೋ ಟೈಮೇ ಹೆಚ್ಚು. ಮಿರಗಾ ಮಳಿ ಕಾಯಬೇಕು. ಬಿತ್ತಿದ ಮೇಲೆ ಮೊಳಕಿ ಕಾಯಬೇಕು. ಎಪಿಎಂಸಿಯಲ್ಲಿ ಟೆಂಡರ್ ಆಗೋ ತನಕ ಚೀಲದ ಮೇಲೆ ಕೂತು ಕಾಯಬೇಕು. ಗೊಬ್ಬರದ ಅಂಗಡಿ ಮುಂದೆ ಆಧಾರ್ ಕಾರ್ಡ್ ಹಿಡಕೊಂಡು ಸಾಲಿನಾಗ ನಿಂದರಬೇಕು. ಎಲ್ಲಕ್ಕಿಂತ ದೊಡ್ಡ ಕಾಯೋದು ಅಂದರೆ ರಾತ್ರಿ ಕರೆಂಟಿಗೆ. ತ್ರೀಫೇಸ್ ಹನ್ನೊಂದಕ್ಕ ಬರ್ತೈತಿ ಅಂತಾರ, ಒಂದೂವರೆಗೆ ಬರ್ತೈತಿ. ಬಂದ ಮೇಲೆ ಮೋಟರ್ ಚಾಲೂ ಮಾಡಿ, ಒಂದು ಮಡಿಗೆ ನೀರು ತಿರುವಿದರೆ ಅದು ತುಂಬೋದಕ್ಕೆ ಇಪ್ಪತ್ತು ನಿಮಿಷ. ಈ ಇಪ್ಪತ್ತು ನಿಮಿಷ ಹಿಂಗೇ ರಾತ್ರಿಗೆ ಹತ್ತು ಹನ್ನೆರಡು ಸಲ ಸಿಗುತ್ತದೆ. ನಾನು ನನ್ನ ಜೀವನದಲ್ಲಿ ಓದಿದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓದಿದ್ದು ಮೋಟರ್ ಮನಿಯೊಳಗೆ, ಹಣೆಗೆ ಕಟ್ಟಿದ ಬ್ಯಾಟರಿ ಬೆಳಕಿನಾಗ, ಸ್ಟಾರ್ಟರಿನ ಗುಂಯ್ ಅನ್ನೋ ಸಪ್ಪಳ ಕೇಳ್ಕೋತ.

ಮೊದಲು ಒಂದು ಮಾತು ಹೇಳಿಬಿಡ್ತೀನಿ. ನಾನು ಓದೋದು ಜ್ಞಾನ ಬರ್ಲಿ ಅಂತ ಅಲ್ಲ. ಖುಷಿಗೆ. ಮಕ್ಕಳಿಗೆ ‘ಓದು, ಓದಿದರೆ ನೌಕರಿ ಸಿಗ್ತೈತಿ’ ಅಂತ ಹೇಳಿ ಹೇಳಿ ನಾವು ಓದಿಗೆ ಕೆಟ್ಟ ಹೆಸರು ತಂದಿದೀವಿ. ಪರೀಕ್ಷೆ ಮುಗಿದ ದಿನ ಹುಡುಗರು ಪುಸ್ತಕ ರದ್ದಿಗೆ ಹಾಕೋದು ಅದಕ್ಕೇ. ಹುರಿಗಡಲಿ ತಿನ್ನೋವಾಗ ಯಾರಾದರೂ ಪ್ರೊಟೀನ್ ಲೆಕ್ಕ ಹಾಕ್ತಾರೇನು? ಕೈ ತಾನಾಗಿ ಬುಟ್ಟಿಗೆ ಹೋಗ್ತೈತಿ. ಓದು ಹಂಗಿರಬೇಕು.

ನಮ್ಮೂರು ಹಾನಗಲ್ಲ ತಾಲೂಕಿನಾಗ, ವರದಾ ನದಿ ದಂಡಿಗೆ. ಒಂದು ಕಾಲಕ್ಕೆ ಇಡೀ ಊರು ಕೂರಿಗೆ ಭತ್ತ. ಈಗ ಅರ್ಧ ಗೋವಿನಜೋಳ, ಉಳಿದದ್ದರಲ್ಲಿ ಅಡಿಕೆ ಸಸಿ. ನಾನು ಸಣ್ಣವನಿದ್ದಾಗ ಓದು ಅನ್ನೋದು ಒಬ್ಬೊಬ್ಬರೇ ಕೂತು ಮಾಡೋ ಕೆಲಸ ಆಗಿರಲಿಲ್ಲ. ಶ್ರಾವಣದಾಗ ಗುಡಿಯೊಳಗೆ ಪುರಾಣ ಹಚ್ಚೋರು. ಒಬ್ಬರು ಓದೋರು, ಒಬ್ಬರು ಅರ್ಥ ಹೇಳೋರು, ಅರವತ್ತು ಮಂದಿ ಕೇಳೋರು. ಕೇಳೋರಲ್ಲಿ ಐವತ್ತು ಮಂದಿಗೆ ಅಕ್ಷರ ಬರ್ತಿರಲಿಲ್ಲ. ನಮ್ಮವ್ವಗೂ ಬರಲಿಲ್ಲ. ಆದರೆ ನಾನು ನಾಲ್ಕನೇ ಇಯತ್ತೆಯಲ್ಲಿ ಮನೆಯೊಳಗೆ ಮಹಾಭಾರತದ ಕಥೆ ಓದುವಾಗ ಒಂದು ಸಾಲು ಬಿಟ್ಟರೆ ರೊಟ್ಟಿ ಬಡಿಯೋದು ನಿಲ್ಲಿಸಿ, ‘ಅಲ್ಲೇನೋ ಬಿಟ್ಟಿ ನೋಡು’ ಅಂತಿದ್ದಳು. ಅಕ್ಷರ ಬಾರದ ಹೆಣ್ಣುಮಗಳು ಅಕ್ಷರ ಬರೋ ಹುಡುಗನ ಓದನ್ನು ತಿದ್ದೋದು ನಮ್ಮ ಸೀಮೆಯಲ್ಲಿ ವಿಶೇಷ ಅಲ್ಲ. ಕೇಳಿ ಕಲಿತ ಜನ ನಾವು.

ನಮ್ಮ ದೊಡ್ಡಪ್ಪನ ಹತ್ತಿರ ಒಂದು ತಗಡಿನ ಟ್ರಂಕ್ ಇತ್ತು. ಅದರೊಳಗೆ ಹೊಲದ ಕಾಗದಪತ್ರ, ಮದುವಿ ಧೋತರ, ತಳದಾಗ ನಾಲ್ಕೈದು ಹಳೇ ಕಾದಂಬರಿ. ಒಂದರ ಮುಖಪುಟ ಹೋಗಿತ್ತು, ಮೊದಲ ಹದಿನಾರು ಪುಟ ಹುಳ ತಿಂದಿತ್ತು. ಆ ಕಾದಂಬರಿಯನ್ನು ನಾನು ಹದಿನೇಳನೇ ಪುಟದಿಂದ ಓದಿದೆ. ಬಹಳ ವರ್ಷ ಆದ ಮೇಲೆ ಗೊತ್ತಾಯಿತು, ಅದು ಗಳಗನಾಥರದು ಅಂತ.

ಗಳಗನಾಥರ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹುಟ್ಟಿದವರು, 1942ರಲ್ಲಿ ತೀರಿಕೊಂಡರು. ಹಾವೇರಿ ತಾಲೂಕಿನ ಗಳಗನಾಥ ಅವರ ಊರು. ನಮ್ಮ ಹೊಲದ ಬಾಜೂಕ ಹರಿಯೋ ಇದೇ ವರದೆ ಮುಂದೆ ಹೋಗಿ ತುಂಗಭದ್ರೆಗೆ ಕೂಡೋದು ಆ ಊರ ಹತ್ತಿರಾನೇ. ಸಾಗರದ ಕಡೆ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ದಾಟಿ, ನಮ್ಮ ಕಡೆ ಬಂದು, ಕಡೀಗೆ ಗಳಗನಾಥದಲ್ಲಿ ಮುಗೀತೈತಿ. ಅಂದರೆ ಪಂಪ ಹಂಬಲಿಸಿದ ಊರಿನಿಂದ ಗಳಗನಾಥರ ಊರಿನ ತನಕ ಒಂದೇ ನೀರು.

ಅವರ ಕಾಲದ ಪರಿಸ್ಥಿತಿ ಸ್ವಲ್ಪ ನೆನಪಿಗೆ ತಂದುಕೊಳ್ರಿ. ಆಗ ಇದು ಮುಂಬಯಿ ಪ್ರಾಂತ. ಕಚೇರಿಯೊಳಗೆ, ಓದಿಕೊಂಡವರ ಮನೆಯೊಳಗೆ ಮರಾಠಿಯದೇ ಜೋರು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ ಬಂದದ್ದು 1898ರಲ್ಲಿ. ಮುಂದೆ ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ‘ಕನ್ನಡಿಗರ ಕರ್ಮಕಥೆ’ ಹಂಗೆ ಬಂದದ್ದು. ವಿಜಯನಗರದ ಕಥೆ ಹಿಡಿದು ‘ಮಾಧವ ಕರುಣಾ ವಿಲಾಸ’ ಬರೆದರು. 1907ರಲ್ಲಿ ಅಗಡಿಯಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು. ಅಗಡಿ ಅಂದರೆ ದೊಡ್ಡ ಶಹರ ಅಲ್ಲ, ಹಾವೇರಿ ಬಾಜೂಕಿನ ಒಂದು ಹಳ್ಳಿ. ಒಂದು ಹಳ್ಳಿಯಿಂದ ಮಾಸಪತ್ರಿಕೆ ಹೊರಟು ಕನ್ನಡನಾಡು ತುಂಬ ಹೋಗ್ತಿತ್ತು ಅಂದರೆ ಇವತ್ತಿಗೂ ನಂಬೋದು ಕಷ್ಟ.

ಗಳಗನಾಥರು ಬರೆದರು ಅನ್ನೋದಕ್ಕಿಂತ ನನಗೆ ಹಿಡಿಸಿದ್ದು ಅವರು ಮಾರಿದರು ಅನ್ನೋದು. ತಮ್ಮ ಪುಸ್ತಕಗಳ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಉತ್ತರ ಕರ್ನಾಟಕದಲ್ಲಿ ಅವರ ಹೆಸರು ಬಂದಾಗೆಲ್ಲ ಈ ಮಾತು ಬರುತ್ತದೆ. ಕಾದಂಬರಿ ಪಿತಾಮಹ ಅಂತ ಸನ್ಮಾನದ ಹೆಸರು ಆಮೇಲೆ ಬಂತು, ಹೆಗಲ ಮೇಲಿನ ಗಂಟು ಮೊದಲಿತ್ತು. ಪಂಡಿತರು ಇದನ್ನು ಕನ್ನಡ ಸೇವೆ ಅಂತಾರೆ. ಖರೆ. ನಾನು ರೈತ, ನನಗೆ ಇನ್ನೊಂದು ಕಾಣಿಸುತ್ತದೆ. ತಾನೇ ಬೆಳೆದು, ತಾನೇ ಹಸನು ಮಾಡಿ, ದಲಾಲಿ ಇಲ್ಲದೆ ಗಿರಾಕಿಯ ಬಾಗಿಲಿಗೆ ಒಯ್ದು ಕೊಡೋದು. ಇವತ್ತು ನಾವು ‘ನೇರ ಮಾರಾಟ’ ಅಂತ ತರಬೇತಿಗೆ ಹೋಗಿ ಚಹಾ ಕುಡಿದು ಬರ್ತೀವಲ್ಲ, ಅದು ಇದೇ.

ಅದರಲ್ಲಿ ಇನ್ನೊಂದು ಲಾಭ ಐತಿ. ಸಂತೆಯಲ್ಲಿ ಬದನೀಕಾಯಿ ಮಾರಿದವರಿಗೆ ಗೊತ್ತು, ಗಿರಾಕಿ ಮಾರಿ ನೋಡಿದಾಗ ಏನು ಬೆಳೀಬೇಕು ಅನ್ನೋದು ತಿಳೀತೈತಿ. ಪುಸ್ತಕ ಹೊತ್ತು ಮಾರಿದವರಿಗೂ ತಿಳಿದಿರಬೇಕು. ಕಥೆ ಓದಾಕ ಬಾಯಿ ತೆರೆದು ಕೂತ ಜನ ಇದ್ದರು, ಅವರಿಗೆ ತಮ್ಮ ಭಾಷೆಯಲ್ಲಿ ಕಥೆ ಇರಲಿಲ್ಲ. ಹಳೇ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಲಿ ಕಾದಂಬರಿ ತಂದು ಓದುಗರನ್ನು ಬೆಳೆಸಿದ ಹಂಗ, ಈ ಕಡೆ ಗಳಗನಾಥರು ಬೆಳೆಸಿದರು. ಬೆಳೆಸಿದರು ಅನ್ನೋ ಮಾತು ಸುಮ್ಮನೆ ಬರೆದಿಲ್ಲ. ಓದುಗರನ್ನೂ ಬೆಳೀಬೇಕಾಗ್ತೈತಿ, ತಾನಾಗಿ ಹುಟ್ಟೋದು ಕಸ ಅಷ್ಟೇ.

ಹಿರೇಕೆರೂರಿಗೆ ಬರೋಣ. ಆ ಕಡೆಯ ಅಬಲೂರು, ಮಾಸೂರು ಅಂದ ಕೂಡಲೇ ಸರ್ವಜ್ಞನ ನೆನಪು. ಅವನ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ತಾಯಿ ಮಾಳಿ, ತಂದೆ ಬಸವರಸ ಅನ್ನೋ ಕಥೆ ಜನರ ಬಾಯಿಂದ ಬಂದದ್ದು. ಅವನು ಊರೂರು ತಿರುಗಿದ, ಹೇಳಿದ, ಮುಂದಕ್ಕೆ ಹೋದ. ಮೂರು ಸಾಲಿನ ಪದ ಕಟ್ಟಿದವನು ಒಂದು ಕಡೆ ಕುಂತು ಪುಸ್ತಕ ಬರೆಯಲಿಲ್ಲ. ಕೇಳಿದವರು ಇಟ್ಟುಕೊಂಡರು. ಬಿತ್ತೋವಾಗ ಒಂದು, ಮದುವಿ ಮಾತುಕತೆಗೆ ಒಂದು, ಸಾಲ ಕೊಡೋವಾಗ ಒಂದು. ನಮ್ಮ ಕಡೆ ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ಗೊತ್ತಿಲ್ಲದ ರೈತ ಇಲ್ಲ, ಗೊತ್ತಿದ್ದೂ ಸಾಲ ಮಾಡದ ರೈತನೂ ಇಲ್ಲ.

ಇವನ್ನೆಲ್ಲ ಕೂಡಿಸಿ ಪುಸ್ತಕ ಮಾಡಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿ. 1881ರಲ್ಲಿ ಹುಟ್ಟಿದವರು. ವರ್ಷಗಟ್ಟಲೆ ಹಸ್ತಪ್ರತಿ ಹುಡುಕಿ, ಜನರ ಬಾಯಿಂದ ಕೇಳಿ ಬರಕೊಂಡು, ಒಂದಕ್ಕೊಂದು ತಾಳೆ ನೋಡಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಮಾಡಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹಿರೇಕೆರೂರು, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಮಾಡೋ ರೈತರು ಬಹಳ. ಹತ್ತಿ, ಟೊಮೆಟೊ, ಮೆಣಸಿನಕಾಯಿ ಹೂವಿಗೆ ಒಂದೊಂದಾಗಿ ಕ್ರಾಸಿಂಗ್ ಮಾಡ್ತಾರೆ. ಬ್ಯಾರೆ ತಳಿ ಕಂಡರೆ ಕಿತ್ತು ಹಾಕ್ತಾರೆ. ಉತ್ತಂಗಿಯವರು ಮಾಡಿದ್ದೂ ಇದೇ ಕೆಲಸ ಅನ್ನಿಸ್ತದೆ ನನಗೆ. ಸರ್ವಜ್ಞನ ಹೆಸರಿನಾಗ ಯಾರ್ಯಾರೋ ಕಟ್ಟಿ ಸೇರಿಸಿದ್ದು ರಾಶಿ ಇತ್ತು. ಕಾಳು ಯಾವುದು, ಕಸ ಯಾವುದು ಅಂತ ಹಸನು ಮಾಡಬೇಕಿತ್ತು. ಅವರು ಅಷ್ಟು ದುಡಿದದ್ದಕ್ಕೆ ಇವತ್ತು ನನ್ನ ಮಗಳ ಪಠ್ಯಪುಸ್ತಕದಲ್ಲಿ ಸರ್ವಜ್ಞ ಇದ್ದಾನೆ. ಲೇಖಕ ಅಂದರೆ ಹೊಸದು ಬರೆಯೋನು ಮಾತ್ರ ಅಲ್ಲ, ಇದ್ದದ್ದು ಹೋಗದಂಗ ಹಿಡಿದಿಡೋನೂ ಲೇಖಕನೇ.

ಶಿಗ್ಗಾಂವಿ ತಾಲೂಕಿನಲ್ಲಿ ಬಾಡ ಐತಿ, ಕನಕದಾಸರು ಹುಟ್ಟಿದ ಊರು. ರೈತರು ಒಂದೇ ಒಂದು ಹಳೇ ಕಾವ್ಯ ಓದಬೇಕು ಅಂದರೆ ಅವರ ‘ರಾಮಧಾನ್ಯ ಚರಿತೆ’ ಓದ್ರಿ ಅಂತ ಹೇಳ್ತೀನಿ. ಭಾಮಿನಿ ಷಟ್ಪದಿ. ಅರ್ಥ ಬರೆದ ಪುಸ್ತಕ ಸಿಗ್ತಾವೆ. ಕಥೆ ಇಷ್ಟೇ: ರಾಮನ ಮುಂದೆ ಭತ್ತಕ್ಕೂ ರಾಗಿಗೂ ಜಗಳ, ಯಾರು ದೊಡ್ಡವರು ಅಂತ. ಭತ್ತ ತನ್ನ ಕುಲದ ಹೆಮ್ಮೆ ಹೇಳ್ತೈತಿ. ರಾಗಿ, ನೀನು ಉಳ್ಳವರ ಕಡೆ, ಮಳೆ ಹೋದಾಗ ಬಡವರನ್ನು ಕಾಯೋದು ನಾನು ಅಂತ ಎದುರು ನಿಲ್ತೈತಿ. ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ. ತೆಗೆದು ನೋಡಿದಾಗ ಭತ್ತ ಸೊರಗಿರ್ತೈತಿ, ರಾಗಿ ಗಟ್ಟಿಮುಟ್ಟಾಗಿ ನಿಂತಿರ್ತೈತಿ.

ಇದನ್ನು ಕಾಲೇಜಿನ ಮೇಷ್ಟ್ರು ಮೇಲು ಕೀಳಿನ ವಿಚಾರ ಅಂತ ಹೇಳಿಕೊಡ್ತಾರೆ. ಸರಿನೇ ಐತಿ. ಆದರೆ ಹಗೇವಿನೊಳಗೆ ಕಾಳು ಇಟ್ಟು ತೆಗೆದವರಿಗೆ ಇದು ಕಥೆಗಿಂತ ಮುಂಚೆ ಅನುಭವ. ರಾಗಿ ವರ್ಷಗಟ್ಟಲೆ ಹುಳ ಹತ್ತದೆ ಇರ್ತೈತಿ ಅನ್ನೋದು ಗೊತ್ತಿಲ್ಲದವರು ಈ ಕಾವ್ಯ ಬರೆಯಾಕ ಸಾಧ್ಯ ಇಲ್ಲ. ಐದು ನೂರು ವರ್ಷದ ಹಿಂದಿನ ಕವಿಯೊಬ್ಬರು ಕಣ ಮತ್ತು ಹಗೇವನ್ನು ನೋಡಿ ಬರೆದಿದ್ದಾರೆ ಅನ್ನೋದೇ ನನಗೆ ಖುಷಿ. ನಾನು ಭತ್ತದ ತಾಲೂಕಿನವನು, ಭತ್ತದ ಪರವಾಗಿ ಎರಡು ಮಾತು ಹೇಳಬೇಕು ಅನ್ನಿಸಿದ್ದೂ ಖರೆ. ಓದುವಾಗ ಪುಸ್ತಕದ ಕೂಡ ವಾದ ಮಾಡೋ ಸುಖ ಬ್ಯಾರೆನೇ.

ಅದೇ ತಾಲೂಕಿನ ಶಿಶುವಿನಹಾಳದವರು ಷರೀಫ ಸಾಹೇಬರು. 1819ರಿಂದ 1889, ಎಪ್ಪತ್ತು ವರ್ಷದ ಬಾಳು. ಕಳಸದ ಗೋವಿಂದ ಭಟ್ಟರು ಗುರುಗಳು. ಸೋರೋ ಮಾಳಿಗಿ, ಬೀಸೋ ಕಲ್ಲು, ಕೋಳಿ, ಗಿರಣಿ, ಏನು ಕಣ್ಣಿಗೆ ಬಿತ್ತೋ ಅದರ ಮೇಲೆ ಪದ. ಇವರ ಪದಗಳು ಉಳಿದಿದ್ದು ಭಜನಾ ಮೇಳದವರ ಕೊರಳಿನಾಗ. ಶಿವಾನಂದ ಗುಬ್ಬಣ್ಣವರ ಅವರಂಥವರು ಕೂಡಿಸಿ ಪುಸ್ತಕ ಮಾಡಿದರು, ಸಿ. ಅಶ್ವತ್ಥ್ ಹಾಡಿ ಮನೆಮನೆಗೆ ಮುಟ್ಟಿಸಿದರು, 1990ರಲ್ಲಿ ನಾಗಾಭರಣ ಸಿನಿಮಾ ತೆಗೆದರು. ಅದೆಲ್ಲ ಆಗೋದಕ್ಕೆ ಮೊದಲು ನೂರು ವರ್ಷ ಆ ಪದಗಳನ್ನು ಕಾದದ್ದು ಹೊಲದಿಂದ ಬಂದು, ಕೈಕಾಲು ತೊಳಕೊಂಡು, ಏಕತಾರಿ ದಮ್ಮಡಿ ಹಿಡಿದು ಗುಡಿಯೊಳಗೆ ಕೂತ ಜನ. ಇವತ್ತು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಐತಿ. ಅಲ್ಲಿ ಪಾಠ ಆಗೋ ಪದಗಳು ಹುಟ್ಟಿದ್ದು ಅದರ ಸುತ್ತಲಿನ ಕಟ್ಟೆಗಳ ಮೇಲೆ.

ಸವಣೂರು ಅಂದರೆ ನಮಗೆ ಎಲಿ, ಖಾರಾ ಮತ್ತು ಆ ದೊಡ್ಡಹುಣಸೆ ಗಿಡ. ಅದೇ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು ವಿನಾಯಕ ಕೃಷ್ಣ ಗೋಕಾಕರು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು, ಅಲ್ಲಿಂದ ಆಕ್ಸ್‌ಫರ್ಡ್, ಮುಂದೆ ಕುಲಪತಿ, 1990ರಲ್ಲಿ ಕನ್ನಡಕ್ಕೆ ಐದನೇ ಜ್ಞಾನಪೀಠ. ಅವರ ‘ಭಾರತ ಸಿಂಧು ರಶ್ಮಿ’ ಬಹಳ ದೊಡ್ಡ ಕಾವ್ಯ. ಅದನ್ನು ಪೂರ್ತಿ ಓದಿದ ಒಕ್ಕಲಿಗ ಯಾರಾದರೂ ಇದ್ದರೆ ಹೇಳ್ರಿ, ಬಂದು ಕೈ ಮುಗೀತೀನಿ. ‘ಸಮರಸವೇ ಜೀವನ’ ಮಾತ್ರ ಮಳಿಗಾಲಕ್ಕೆ ಒಳ್ಳೇ ಜೋಡಿ, ದಪ್ಪ ಐತಿ, ಬೇಗ ಮುಗಿಯೋದಿಲ್ಲ. ಸವಣೂರು ತಾಲೂಕಿನ ಹತ್ತಿಮತ್ತೂರಿನವರು ಚಂದ್ರಶೇಖರ ಪಾಟೀಲರು, ಎಲ್ಲರ ಬಾಯಿಯಲ್ಲಿ ಚಂಪಾ. 1964ರಲ್ಲಿ ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಅವರ ಜೊತೆ ‘ಸಂಕ್ರಮಣ’ ಪತ್ರಿಕೆ ಶುರು ಮಾಡಿ ದಶಕಗಟ್ಟಲೆ ನಡೆಸಿದರು. 2022ರ ಜನವರಿಯಲ್ಲಿ ತೀರಿಕೊಂಡರು. ಸಣ್ಣ ಪತ್ರಿಕೆ ನಡೆಸೋದು ಅಂದರೆ ಒಣಬೇಸಾಯ ಇದ್ದಂಗ. ಈ ಸಲ ಹೋತು, ಮುಂದಿನ ಸಲ ನೋಡೋಣ ಅಂದುಕೊಂಡು ಮತ್ತೆ ಬಿತ್ತೋದು.

ಇಷ್ಟೆಲ್ಲ ದೊಡ್ಡವರ ಹೆಸರು ಬರೆದ ಮೇಲೆ ನಮ್ಮ ವಿಷಯಕ್ಕೆ ಬರ್ತೀನಿ. ರೈತರು ಯಾಕೆ ಬರೀಬೇಕು?

ನಾನು 2004ರಿಂದ ವಹಿ ಇಟ್ಟಿದೀನಿ. ಸಾಹಿತ್ಯ ಅಲ್ಲ. ಯಾವ ಮಳಿ ಯಾವ ದಿನ ಎಷ್ಟು ಆತು, ಏನು ಬಿತ್ತಿದೆ, ಎಷ್ಟು ಖರ್ಚು, ಯಾರ ಹೊಲದಾಗ ಏನಾತು, ಬದುವಿನ ಮೇಲೆ ಕುಂತಾಗ ಬಾಜೂಕಿನವರು ಏನಂದರು. ದಿನಕ್ಕೆ ಎರಡು ಸಾಲು, ನಾಲ್ಕು ಸಾಲು. ಈಗ ಹದಿನಾಲ್ಕು ವಹಿ ಆಗ್ಯಾವ. ನಮ್ಮ ಮನಿಯಾಕಿ ಆಗಾಗ ‘ಇವಕ್ಕ ಗೆದ್ದಲು ಹತ್ತಿದರೆ ನನ್ನ ಕೇಳಬ್ಯಾಡ್ರಿ’ ಅಂತಿರ್ತಾಳೆ. ಆಕಿ ನನಗಿಂತ ಜೋರು ಓದೋಕಿ. ತ್ರಿವೇಣಿಯವರ ಕಾದಂಬರಿ ಒಂದೂ ಬಿಟ್ಟಿಲ್ಲ. ನನ್ನ ವಹಿ ಮಾತ್ರ ಓದೋದಿಲ್ಲ, ಅದರಲ್ಲಿ ಕಥೆ ಇಲ್ಲ ಅಂತಾಳೆ.

2023ರ ಬರಗಾಲದ ಮುಂದಿನ ಬೇಸಿಗೆಯಲ್ಲಿ ನಮ್ಮ ಬಾಜೂಕಿನ ಹೊಲದ ಅಣ್ಣ ತೀರಿಕೊಂಡ. ಎದಿನೋವು ಅಂದರು. ಸಾಲ ಇತ್ತು. ಎರಡೂ ಖರೆ. ಹುಬ್ಬಳ್ಳಿಯಲ್ಲಿ ದುಡೀತಿದ್ದ ಮಗ ಊರಿಗೆ ಬಂದ, ಇಪ್ಪತ್ತೆರಡು ವಯಸ್ಸು. ಮೂರು ಎಕರೆ ಹೊಲ. ಖಾಸಗಿ ಸಾಲದವರು ಬಾಗಿಲಿಗೆ ಬರ್ತಿದ್ದರು. ಹೊಲ ಕೊಳ್ಳೋರು ಸಹ ಬಂದು ಕೂತಿದ್ದರು. ಹುಡುಗಗ ಹೊಲ ಅಂದರೆ ಉತಾರದಲ್ಲಿದ್ದ ನಂಬರ್ ಅಷ್ಟೇ ಗೊತ್ತು. ಬೋರಿನಾಗ ಎಷ್ಟು ನೀರು ಐತಿ, ಬೇಸಿಗೆಯಲ್ಲಿ ನಿಲ್ತೈತೋ ಇಲ್ಲೋ, ಯಾವ ಕಡೆ ಜವಳು, ಅಪ್ಪ ಏನು ಬಿತ್ತಿ ಎಷ್ಟು ತೆಗೀತಿದ್ದ, ಯಾವುದೂ ಗೊತ್ತಿಲ್ಲ. ಅವರವ್ವಗ ಅರ್ಧ ಗೊತ್ತಿತ್ತು. ಉಳಿದ ಅರ್ಧ ಅಣ್ಣನ ತಲಿಯಾಗಿತ್ತು, ಅವನ ಜೊತಿಗೆ ಹೋತು.

ಒಂದು ದಿನ ಸಂಜಿಮುಂದ ಹುಡುಗ ನನ್ನ ಹತ್ತಿರ ಬಂದ. ‘ಕಾಕಾ, ನಮ್ಮ ಹೊಲದ ಬಗ್ಗೆ ನಿಮಗ ಏನೇನು ಗೊತ್ತೈತಿ ಹೇಳ್ರಿ, ಮಾರಬೇಕೋ ಇಟಗೋಬೇಕೋ ತಿಳೀವಲ್ದು’ ಅಂದ. ನೆನಪಿನಿಂದ ಹೇಳೋದಕ್ಕಿಂತ ವಹಿ ತೆಗೆದೆ. ಇಬ್ಬರೂ ಮೂರು ರಾತ್ರಿ ಕೂತು ಹುಡುಕಿದೆವು. ಅವರಪ್ಪನ ಹೆಸರು ಇದ್ದ ಪುಟಕ್ಕೆಲ್ಲ ಒಂದೊಂದು ಜ್ವಾಳದ ದಂಟಿನ ಸಿಬಿರು ಇಟ್ಟೆವು. 2014ರಲ್ಲಿ ಬೋರ್ ಹೊಡೆಸಿದ್ದು, 380 ಅಡಿಗೆ ಎರಡು ಇಂಚು ನೀರು. 2016ರ ಬೇಸಿಗೆಯಲ್ಲಿ ತಿಂಗಳೊಪ್ಪತ್ತು ನಿಂತು ಜುಲೈನಲ್ಲಿ ಮತ್ತೆ ಬಂದದ್ದು. 2019ರ ಆಗಸ್ಟಿನ ಮಹಾಪೂರದಲ್ಲಿ ಕೆಳಗಿನ ಅರ್ಧ ಎಕರೆಯಲ್ಲಿ ಒಂಬತ್ತು ದಿನ ನೀರು ನಿಂತದ್ದು. ಅದರ ಮುಂದೆ ನಾನು ಬರೆದಿದ್ದ ಸಾಲು: ‘ಅಣ್ಣ ಅಂದ, ಇಲ್ಲಿ ಇನ್ನ ಗೋವಿನಜೋಳ ಹಾಕೋದಿಲ್ಲ, ಭತ್ತನೇ ಸೈ, ಈ ತುಣುಕು ಭತ್ತಕ್ಕ ಹುಟ್ಟೇತಿ.’

ಆ ಸಾಲಿಗೆ ಬಂದಾಗ ಹುಡುಗ ಓದೋದು ನಿಲ್ಲಿಸಿದ. ಅವರಪ್ಪ ಮಾತಾಡಿದಂಗೇ ಇತ್ತು, ಅದೇ ಧಾಟಿ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅವನು ಫೋನಿನಲ್ಲಿ ಆ ಪುಟದ ಫೋಟೊ ತಕ್ಕೊಂಡ.

ಕಡೀಗೆ ಒಂದು ಎಕರೆ ಮಾರಿ ಕೈಸಾಲ ತೀರಿಸಿದರು. ಎರಡು ಎಕರೆ ಉಳಿಸಿಕೊಂಡರು. ಬೋರ್ ಇದ್ದ ಕಡೆಯದನ್ನು ಮಾರಲಿಲ್ಲ, ಮಾರಿದ್ದು ರಸ್ತೆ ಕಡೆಯದನ್ನು. ಕೊಳ್ಳೋಕೆ ಬಂದವರು ಬೋರಿನ ಕಡೆಯದನ್ನೇ ಕೇಳ್ತಿದ್ದರು, ‘ಆ ಬೋರ್ ನಿಲ್ಲೋ ಬೋರ್’ ಅಂತ ದರ ಇಳಿಸ್ತಿದ್ದರು. ಅದು ನಿಂತದ್ದು ಒಂದೇ ಬೇಸಿಗಿ, ಮತ್ತೆ ಬಂದಿತ್ತು ಅಂತ ಹುಡುಗ ತಾರೀಖು ಸಮೇತ ಹೇಳಿದ. ಬ್ಯಾಂಕಿನ ಸಾಲ ಇನ್ನೂ ಐತಿ. ಎಲ್ಲಾ ಸರಿ ಹೋತು ಅಂತ ನಾನು ಹೇಳೋದಿಲ್ಲ. ಆದರೆ ಕೆಳಗಿನ ಅರ್ಧ ಎಕರೆಯಲ್ಲಿ ಈ ಸಲ ಭತ್ತ ಐತಿ, ನಮ್ಮ ಬದುವಿನಿಂದ ಕಾಣಿಸ್ತೈತಿ.

ಬರೆಯೋದು ಅಂದರೆ ಇದು ಅಂತ ನನಗೆ ಆವಾಗ ಗಟ್ಟಿಯಾಗಿ ಅನ್ನಿಸಿತು. ಬರೆಯುವಾಗ ಯಾರಿಗೆ ಉಪಯೋಗ ಆಗ್ತೈತಿ ಅನ್ನೋದು ಗೊತ್ತಿರೋದಿಲ್ಲ. ಅಣ್ಣ ಬದುವಿನ ಮೇಲೆ ಎಲಿ ಅಡಿಕಿ ಹಾಕ್ಕೋತ ಅಂದ ಮಾತು ಅವನ ಮಗನಿಗೆ ಆಸ್ತಿ ಆಗ್ತೈತಿ ಅಂತ ನಾನಾಗಲಿ ಅವನಾಗಲಿ ಅಂದುಕೊಂಡಿರಲಿಲ್ಲ. ಉತಾರದಲ್ಲಿ ಎಕರೆ ಗುಂಟೆ ಬರೆದಿರ್ತಾರೆ, ಆ ಎಕರೆ ಗುಂಟೆಯ ಸ್ವಭಾವ ಬರೆದಿರೋದಿಲ್ಲ. ಅದನ್ನು ನಾವೇ ಬರೀಬೇಕು.

ರೈತರು ಬರೀಬೇಕು ಅನ್ನೋದು ನಾನು ಕಂಡುಹಿಡಿದದ್ದಲ್ಲ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಶುರುವಾತು. ಅದನ್ನು ಕಟ್ಟಿದ ಶ್ರೀಪಡ್ರೆಯವರು ಕಾಸರಗೋಡು ಗಡಿಯ ವಾಣೀನಗರದ ಕೃಷಿಕರು. ‘ಕೃಷಿಕರ ಕೈಗೆ ಲೇಖನಿ’ ಅನ್ನೋದು ಅದರ ಘೋಷಣೆ, ಮಾಡಿಯೂ ತೋರಿಸಿದರು. ಎಂಡೋಸಲ್ಫಾನ್ ಸಿಂಪಡಣೆಯಿಂದ ಅವರ ಊರ ಕಡೆ ಆದ ಅನಾಹುತ ಮೊದಲು ಹೊರಗೆ ಬಂದದ್ದರ ಹಿಂದೆಯೂ ಅವರ ಬರಹ ಐತಿ. ನೋಡ್ರಿ, ಒಬ್ಬ ರೈತ ತನ್ನೂರಿನಾಗ ಕಂಡದ್ದನ್ನು ನೆಟ್ಟಗೆ ಬರೆದರೆ ಅದು ಎಲ್ಲಿ ತನಕ ಹೋಗ್ತೈತಿ ಅಂತ. ಧಾರವಾಡದ ಕೃಷಿ ಮಾಧ್ಯಮ ಕೇಂದ್ರದವರೂ ಕೃಷಿ ಬರವಣಿಗೆ ಕಲಿಸುವ ಕೆಲಸ ಮಾಡಿದರು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ತೇಜಸ್ವಿ ‘ಕರ್ವಾಲೊ’ ಬರೆದರು. ಜೇನುಹುಳದ ಪೆಟ್ಟಿಗೆ, ನಾಯಿ, ಹಾರುವ ಓತಿ ಎಲ್ಲಾ ಸೇರಿ ಎಂಥಾ ಪುಸ್ತಕ ಆತು! ನಮ್ಮೂರಿನಾಗ ಬ್ಯಾರೆ ಏನೂ ಓದದ ಹುಡುಗರೂ ಅದನ್ನು ಓದ್ಯಾರ.

ಇನ್ನೊಂದು ಕಾರಣ ಐತಿ. ಮಾತುಗಳು ಹೋಗ್ತಿದಾವೆ. ರಂಟಿ, ಕುಂಟಿ, ಕೂರಿಗಿ, ಎಡಿಕುಂಟಿ, ಸೆಡ್ಡಿ, ಮೇಟಿ, ಹಂತಿ, ಹಗೇವು. ಟ್ರ್ಯಾಕ್ಟರ್ ಬಂದ ಮೇಲೆ ಇವುಗಳಲ್ಲಿ ಅರ್ಧ ನನ್ನ ಮಕ್ಕಳಿಗೆ ಗೊತ್ತಿಲ್ಲ. ಟ್ರ್ಯಾಕ್ಟರ್ ಬರಬಾರದಿತ್ತು ಅಂತ ನಾನು ಹೇಳೋದಿಲ್ಲ, ಎತ್ತಿನ ಹಿಂದೆ ನಡೆದ ಕಾಲಿಗೆ ಅದರ ಬೆಲಿ ಗೊತ್ತು. ಸಾಮಾನು ಹೋಗ್ಲಿ, ಹೆಸರು ಯಾಕ ಹೋಗಬೇಕು? ಹಂತಿ ಹೊಡೆಯೋವಾಗ ರಾತ್ರಿಯೆಲ್ಲ ಹಾಡ್ತಿದ್ದ ಹಂತಿಪದ ಗೊತ್ತಿದ್ದ ಮುದುಕರು ನಮ್ಮೂರಿನಾಗ ಈಗ ಇಬ್ಬರು. ಒಬ್ಬರಿಗೆ ಕಿವಿ ಕೇಳೋದಿಲ್ಲ. ಉತ್ತಂಗಿ ಚನ್ನಪ್ಪನವರಂಥವರು ಪ್ರತಿ ಊರಿಗೂ ಬರೋದಿಲ್ಲ. ನಮ್ಮೂರಿನದು ನಾವೇ ಕೂಡಿಸಬೇಕು. ಫೋನಿನಾಗ ರೆಕಾರ್ಡ್ ಮಾಡ್ರಿ, ಆಮೇಲೆ ಕೂತು ಬರಕೊಳ್ರಿ.

ಶುರು ಮಾಡೋರಿಗೆ ನನ್ನ ಅನುಭವದ ಎರಡು ಮಾತು. ದೊಡ್ಡ ಡೈರಿ ತರಬ್ಯಾಡ್ರಿ, ಅಂಥಾದ್ದರಲ್ಲಿ ಬರೆಯಾಕ ಅಂಜಿಕಿ ಬರ್ತೈತಿ. ಶಾಲಿ ಹುಡುಗರ ಸಾದಾ ವಹಿ ಸಾಕು. ಮೋಟರ್ ಮನಿಯಾಗ ಒಂದು ಮೊಳಿಗೆ ಪೆನ್ನು ಕಟ್ಟಿಡ್ರಿ, ಇಲ್ಲಾಂದ್ರ ಪೆನ್ನು ಹುಡುಕೋದ್ರಾಗ ಮಾತು ಮರೀತೈತಿ. ಅಳತಿ ಬರೀರಿ: ಎಷ್ಟು ಗುಂಟೆ, ಎಷ್ಟು ಚೀಲ, ಎಷ್ಟು ರೂಪಾಯಿ, ಎಷ್ಟು ಆಳು. ‘ಚಲೋ ಬಂತು’ ಅಂತ ಬರೆದರೆ ಹತ್ತು ವರ್ಷದ ಮೇಲೆ ಅದಕ್ಕ ಅರ್ಥ ಇರೋದಿಲ್ಲ. ‘ಎಕರೆಗೆ 22 ಚೀಲ’ ಅಂತ ಬರೆದರೆ ಇರ್ತೈತಿ. ಹಾಳಾದ ಬೆಳಿದೂ ಬರೀರಿ. ಆಡುಮಾತಿನಾಗ ಬರೀರಿ, ಯಾರು ಏನಂದರೋ ಹಂಗೇ. ಪುಸ್ತಕದ ಭಾಷೆ ಬರೋದಿಲ್ಲ ಅಂತ ಹಿಂಜರೀಬ್ಯಾಡ್ರಿ. ಸರ್ವಜ್ಞ, ಷರೀಫರು ಯಾರೂ ಪುಸ್ತಕದ ಭಾಷೆಗೆ ಕಾದು ಕೂರಲಿಲ್ಲ.

ಓದಾಕ ಪುಸ್ತಕ ಎಲ್ಲಿ ಸಿಗ್ತಾವೆ ಅನ್ನೋರಿಗೆ: ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗ್ರಿ, ಈಗ ಅದಕ್ಕ ಅರಿವು ಕೇಂದ್ರ ಅಂತಾರ. ನಾವು ಕಟ್ಟೋ ತೆರಿಗೆಯೊಳಗೆ ಗ್ರಂಥಾಲಯದ ಕರಾನೂ ಐತಿ, 1965ರ ಕಾಯ್ದೆಯಿಂದ. ಅಂದರೆ ಅಲ್ಲಿನ ಪುಸ್ತಕ ನಮ್ಮ ರೊಕ್ಕದಾಗ ಬಂದದ್ದು. ರೇಷನ್ ತರಾಕ ಹೋಗ್ತೀವಿ, ಇದನ್ನ ಯಾಕ ಬಿಡಬೇಕು? ನಮ್ಮೂರಿನದು ಸಂಜಿಮುಂದ ಬಾಗಿಲು ಹಾಕಿರ್ತಿತ್ತು. ರೈತರು ಸಿಗೋದು ಸಂಜಿಗೇ. ನಾವು ಏಳೆಂಟು ಮಂದಿ ಹೋಗಿ ಕೇಳಿದ್ವಿ, ಈಗ ಸಂಜೆ ಎರಡು ತಾಸು ತೆರೀತಾರೆ. ಮೊದಲ ವಾರ ನಾವು ನಾಲ್ಕು ಮಂದಿ. ಈಗ ಹುಡುಗಿಯರು ಹೆಚ್ಚು ಬರ್ತಾರೆ. ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಹಿಡಕೊಂಡು ಬರೋರೇ ಬಹಳ. ಅವರ ಪೈಕಿ ಒಬ್ಬಾಕಿ ಮೊನ್ನೆ ಅದರ ನಡುವೆ ಕಾದಂಬರಿ ಇಟ್ಟುಕೊಂಡು ಓದ್ತಿದ್ದಳು. ನಾನು ನೋಡಿಯೂ ನೋಡದಂಗ ಮುಂದಕ್ಕೆ ಹೋದೆ. ಅಂಥಾ ಓದಿನ ರುಚಿಗೆ ಯಾರೂ ಅಡ್ಡ ಬರಬಾರದು.

ಬಾಜೂಕಿನ ಹುಡುಗನೂ ಒಂದು ವಹಿ ಮಾಡ್ಯಾನ. ನನಗ ತೋರಿಸೋದಿಲ್ಲ, ನಾನೂ ಕೇಳೋದಿಲ್ಲ. ಅವರವ್ವ ಅಡಿಗಿ ಮನ್ಯಾಗ ಕೂತು ಹೇಳ್ತಾಳಂತ, ಅವನು ಬರಕೊಳ್ತಾನಂತ: ಯಾವ ಮಳಿಗೆ ಯಾವ ಕಾಳು, ಯಾವ ಕಾಳಿಗೆ ಯಾವ ಬೂದಿ.

ನೀವೂ ಇವತ್ತು ರಾತ್ರಿ ಒಂದು ಸಾಲು ಬರೀರಿ. ಮಳಿ ಬಂತಾ, ಇಲ್ಲಾ, ಅಷ್ಟೇ ಆದರೂ ಸಾಕು. ತಾರೀಖು ಹಾಕೋದು ಮಾತ್ರ ಮರೀಬ್ಯಾಡ್ರಿ.